ಸೋರಿಕೆಯ ತಾರೀಖು

ನೆಲದೊಳಗೆ ಸೋರಿದ ಪೆಟ್ರೋಲು ಎಂದು ಸೋರಿತು, ಎಂದು ಎಲ್ಲಿಗೆ ಮುಟ್ಟಿತು ಎಂಬುದನ್ನು ತಾರೀಖಿನ ಸಮೇತ ಹೇಳುವ ಯಂತ್ರವೊಂದು ಧಾರವಾಡದಿಂದ ಬರುತ್ತದೆ ಎಂಬ ಸುದ್ದಿ ಸೂಡಿಹಾಳದ ಗಾಣಿಗೇರ ಓಣಿಯನ್ನು ತಲುಪಿದಾಗ, ಎಲ್ಲರಿಗಿಂತ ಹೆಚ್ಚು ಅದರ ದಾರಿ ಕಾದವಳು ಬೇವಿನಮರದ ಮನೆತನದ ಕಸ್ತೂರಿ.

ಕಸ್ತೂರಿ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವಳು. ಮೂರು ವರ್ಷದ ಹಿಂದೆ, ಆಷಾಢದಲ್ಲಿ, ಎಂಟು ವರ್ಷದ ಮಗಳು ತೇಜಸ್ವಿನಿಯನ್ನು ರಕ್ತದ ಕ್ಯಾನ್ಸರಿಗೆ ಕಳೆದುಕೊಂಡಿದ್ದಳು. ಮರುವರ್ಷದ ಮಳೆಗಾಲದ ಹೊತ್ತಿಗೆ ಓಣಿಯ ಬಾವಿಯ ನೀರು ವಾಸನೆ ಹೊಡೆಯತೊಡಗಿತು. ಕೊಡದ ಮೇಲೆ ಬಣ್ಣಬಣ್ಣದ ತೆಳು ಪೊರೆ ತೇಲಿತು. ಹೆದ್ದಾರಿ ಬದಿಯ ಬಂಕಿನಲ್ಲಿ, ನೆಲದಡಿಯ ಟ್ಯಾಂಕೊಂದು ಸೋರುತ್ತಿದೆ ಎಂದು ಆಗ ಗೊತ್ತಾಯಿತು. ಬಂಕನ್ನು ಮುಚ್ಚಿಸಿದರು. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ವಸ್ತು ಇರುತ್ತದೆ, ಅದು ರಕ್ತವನ್ನು ಕೆಡಿಸುತ್ತದೆ, ನೀರಿನಲ್ಲಿ ಸ್ವಲ್ಪವೇ ಇದ್ದಾಗ ಮೂಗಿಗೆ ಗೊತ್ತೇ ಆಗುವುದಿಲ್ಲ ಎಂದು ತಪಾಸಣೆಗೆ ಬಂದವರು ಯಾರೋ ಮಾತಿಗೆ ಹೇಳಿದರು. ಕಸ್ತೂರಿಗೆ ಅಷ್ಟು ಸಾಕಾಯಿತು. ವಾಸನೆ ಬರುವ ಮೊದಲೇ, ತೇಜು ಬದುಕಿದ್ದಾಗಲೇ, ವಿಷ ನೀರಿಗೆ ಇಳಿದಿತ್ತು ಎಂದು ಅವಳು ನಂಬಿದಳು. ಎರಡು ವರ್ಷ ಕಚೇರಿಯಿಂದ ಕಚೇರಿಗೆ ತಿರುಗಿದಳು. ಗಂಡ ಶಿವಪುತ್ರ ಅರ್ಜಿ ಬರೆಯುತ್ತಿದ್ದ, ಅವಳು ಸಹಿ ಮಾಡುತ್ತಿದ್ದಳು, ಇಬ್ಬರೂ ಸೇರಿ ಒಯ್ಯುತ್ತಿದ್ದರು. ಕೊನೆಗೆ ಜಿಲ್ಲಾ ಆಡಳಿತ ಸೋರಿಕೆಯ ಪೂರ್ತಿ ಅಂದಾಜು ಮಾಡಿಸಲು ಧಾರವಾಡದ ಪ್ರಯೋಗಾಲಯಕ್ಕೆ ಬರೆಯಿತು.

ಡಾಕ್ಟರ್ ಇಂದುಮತಿ ಹಂಚಿನಮನಿ ತನ್ನ ಸಹಾಯಕ ಅಲ್ತಾಫ್ ಕಿತ್ತೂರನ ಜೊತೆ ಬಂದಿಳಿದದ್ದು ಶ್ರಾವಣದ ಮೊದಲ ವಾರ. ಯಂತ್ರ ಬಂದಿರಲಿಲ್ಲ. ಅದು ಪ್ರಯೋಗಾಲಯದ ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದು. ಬಂದದ್ದು ನೆಲ ಕೊರೆಯುವ ಗಾಡಿ ಮತ್ತು ಮಣ್ಣು ತುಂಬಿಕೊಳ್ಳುವ ಉಕ್ಕಿನ ಉದ್ದ ಕೊಳವೆಗಳು. ಬಂಕಿನ ಅಂಗಳದಿಂದ ಓಣಿಯ ಬಾವಿಯವರೆಗೆ, ಅಲ್ಲಿಂದ ಇಳಿಜಾರಿನಲ್ಲಿರುವ ಕೆಳಗಿನ ಬಾವಿಯವರೆಗೆ, ಹದಿನೇಳು ಕಡೆ ಕೊರೆದರು. ಓಣಿಯ ಬಾವಿ ಕೆಟ್ಟ ಮೇಲೆ ಇಪ್ಪತ್ಮೂರು ಮನೆಗಳು ಕುಡಿಯುತ್ತಿದ್ದದ್ದು ಆ ಕೆಳಗಿನ ಬಾವಿಯ ನೀರನ್ನು.

ಕೊರೆಯುವ ಕಡೆಯೆಲ್ಲ ಕಸ್ತೂರಿ ಬಂದು ನಿಲ್ಲುತ್ತಿದ್ದಳು. ಎರಡನೆಯ ದಿನ ರೊಟ್ಟಿ, ಪುಂಡಿಪಲ್ಯದ ಬುತ್ತಿ ತಂದುಕೊಟ್ಟು, ಇಂದುಮತಿ ಉಣ್ಣುವುದನ್ನು ನೋಡುತ್ತ ಕುಳಿತಳು.

"ಮೇಡಮ್ಮಾರ, ಮಣ್ಣ ನೋಡಿ ತಾರೀಖ ಹ್ಯಾಂಗ ಹೇಳತೀರಿ?"

"ಮಣ್ಣಿನ್ಯಾಗ ಕಣ್ಣಿಗೆ ಕಾಣದ ಜೀವ ಇರತಾವ್ರಿ, ಕಸ್ತೂರಿಯವರ. ಅದರಾಗ ಕೆಲವು ಪೆಟ್ರೋಲ್ ತಿಂದು ಬದುಕತಾವ. ಎಂದಿನಿಂದ ತಿನ್ನಾಕ ಹತ್ತಿದವು ಅನ್ನೋದು ಅವುಗಳ ಮೈಯಾಗ ಉಳಿದಿರತೈತಿ. ಅದನ್ನ ಓದತೇವಿ."

ಅವಳು ಹೇಳಿದ್ದು ಸರಳವಾಗಿತ್ತು, ಆದರೆ ಅದನ್ನು ಓದಲು ಕಲಿಯುವುದಕ್ಕೆ ಅವಳ ತಂಡಕ್ಕೆ ಒಂಬತ್ತು ವರ್ಷ ಹಿಡಿದಿತ್ತು. ಮಳೆಗಾಲದಲ್ಲಿ ನೆಲದ ನೀರು ಮೇಲೇರಿದಾಗ ಈ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಬೇಸಗೆಯಲ್ಲಿ ಬಹುಮಟ್ಟಿಗೆ ಸುಮ್ಮನಾಗುತ್ತವೆ. ಪ್ರತಿ ಮಳೆಗಾಲಕ್ಕೂ ತಮ್ಮ ವಂಶವಾಹಿಯ ಎಳೆಯ ತುದಿಗೆ ಹೊಸದೊಂದು ತುಣುಕು ಸೇರಿಸಿಕೊಳ್ಳುತ್ತವೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುವಂತೆಯೇ ಇದು. ಆ ವರ್ಷ ಅವು ಏನನ್ನು, ಯಾವ ಹೊತ್ತಿನಿಂದ ತಿಂದವು ಎಂಬುದರ ಗುರುತೂ ಆ ತುಣುಕಿನಲ್ಲೇ ಇರುತ್ತದೆ. ಹೀಗಾಗಿ ಹಿಡಿಮಣ್ಣು ಸಿಕ್ಕರೆ ಸಾಕು, ಪೆಟ್ರೋಲು ಅಲ್ಲಿಗೆ ಬಂದ ಹೊತ್ತನ್ನು ಇಪ್ಪತ್ತು ದಿನ ಹಿಂದೆಮುಂದೆ ಹೇಳಬಹುದಿತ್ತು.

"ಆ ದಿವಸ ಸಿಕ್ಕರ ನಂಗ ಮೊದಲ ಹೇಳ್ರಿ," ಎಂದಳು ಕಸ್ತೂರಿ. "ಕಾಗದದಾಗ ಓದಿ ತಿಳಕೊಳ್ಳೂದು ಬ್ಯಾಡ ನಂಗ."

ವರದಿ ಮೊದಲು ಜಿಲ್ಲಾ ಆಡಳಿತಕ್ಕೆ ಹೋಗಬೇಕೆಂಬುದು ನಿಯಮ. ಇಂದುಮತಿ ಅದನ್ನು ಹೇಳಬೇಕೆಂದುಕೊಂಡಳು. ಹೇಳದೆ, "ಆಗಲಿ" ಎಂದಳು.

ಆ ಸಂಜೆ ಶಿವಪುತ್ರ ಬಂದ. ಸಣ್ಣ ಆಳು, ಮಾತು ಕಡಿಮೆ. ಬಂಕು ಮುಚ್ಚುವವರೆಗೆ ಹದಿನಾಲ್ಕು ವರ್ಷ ಅಲ್ಲೇ ಕೆಲಸದಲ್ಲಿದ್ದವನು. ಈಗ ಸಾಮಾನು ಸಾಗಿಸುವ ಆಟೋ ಓಡಿಸುತ್ತಿದ್ದ. ಅಂಗಳದ ಕಾಂಕ್ರೀಟಿನ ಮೇಲೆ ನಿಂತು ಕಾಲಿನಿಂದ ಒಂದು ಜಾಗ ತೋರಿಸಿದ.

"ಎರಡನೇ ಟ್ಯಾಂಕ್ ನೋಡ್ರಿ. ಉತ್ತರದ ಕಡಿ ತಳ. ಅಲ್ಲೇ ಸೋರಿರತೈತಿ."

"ನಿಮಗ ಹ್ಯಾಂಗ ಗೊತ್ತು?"

"ಭಾಳ ವರ್ಷ ಇದ್ದೆನಲ್ರಿ ಇಲ್ಲೆ," ಎಂದು ಆಟೋ ಹತ್ತಿ ಹೋದ.

ಅವನು ತೋರಿಸಿದ ಜಾಗದಲ್ಲಿ ಕೊರೆದ ಮಣ್ಣೇ ಎಲ್ಲಕ್ಕಿಂತ ಹೆಚ್ಚು ನೆನೆದಿತ್ತು.

*

ಪ್ರಯೋಗಾಲಯದಲ್ಲಿ ಮಣ್ಣಿನ ಕೊಳವೆಗಳನ್ನು ಸೀಳಿ, ಗೇಣುಗೇಣಿಗೆ ಗುರುತು ಹಾಕಿ, ಒಂದೊಂದು ಚಿಟಿಕೆ ಯಂತ್ರಕ್ಕೆ ಕೊಟ್ಟರು. ಯಂತ್ರ ಮೂರು ವಾರ ಓಡಿತು. ಪರದೆಯ ಮೇಲೆ ವರ್ಷಗಳು ಪಟ್ಟಿಪಟ್ಟಿಯಾಗಿ ಮೂಡತೊಡಗಿದವು, ಮಳೆಗಾಲ ದಪ್ಪಗೆ, ಬೇಸಗೆ ಗೆರೆಯಷ್ಟು ತೆಳ್ಳಗೆ. ಪೆಟ್ರೋಲಿನ ಗುರುತಿಗೆ ಅಲ್ತಾಫ್ ಕೆಂಪು ಬಣ್ಣ ಕೊಟ್ಟಿದ್ದ.

ಟ್ಯಾಂಕಿನ ತಳದಲ್ಲಿ ಕೆಂಪು ಶುರುವಾದದ್ದು ಐದು ವರ್ಷದ ಹಿಂದಿನ ಮಳೆಗಾಲದಲ್ಲಿ. ಬಂಕು ಮುಚ್ಚುವವರೆಗೆ ಒಟ್ಟು ಸುಮಾರು ಹದಿಮೂರು ಸಾವಿರ ಲೀಟರ್ ಸೋರಿತ್ತು. ಅಲ್ಲಿಂದ ಅದು ಕಲ್ಲಿನ ಬಿರುಕುಗಳಲ್ಲಿ, ಎರೆಮಣ್ಣಿನ ಅಡಿಯಲ್ಲಿ, ವರ್ಷಕ್ಕೆ ಇಷ್ಟು ಮಾರು ಎಂಬಂತೆ ನಿಧಾನವಾಗಿ ಇಳಿಜಾರು ಹಿಡಿದಿತ್ತು.

ಓಣಿಯ ಬಾವಿಯ ಮಣ್ಣಿನ ಫಲಿತಾಂಶ ಬಂದ ಬೆಳಿಗ್ಗೆ ಅಲ್ತಾಫ್ ಇಂದುಮತಿಯನ್ನು ಕರೆಯಲಿಲ್ಲ. ಅವಳೇ ಹೋಗಿ ಅವನ ಹಿಂದೆ ನಿಂತು ಪರದೆ ನೋಡಿದಳು. ಈ ವರ್ಷದ ಅರ್ಧ ಪಟ್ಟಿ, ಕೆಂಪು. ಹೋದ ವರ್ಷದ್ದು, ಕೆಂಪು. ಅದರ ಹಿಂದಿನದು, ಕೆಂಪು. ಅದರ ಹಿಂದಿನ ಬೇಸಗೆಯ ಗೆರೆಯ ತುದಿಗೆ ಕೆಂಪು ಮುಗಿದಿತ್ತು. ತೇಜಸ್ವಿನಿ ತೀರಿಕೊಂಡ ವರ್ಷದ ಪಟ್ಟಿ ಶುಭ್ರವಾಗಿತ್ತು. ಅವಳಿಗೆ ಕಾಯಿಲೆ ಶುರುವಾದ ವರ್ಷದ್ದೂ ಶುಭ್ರವಾಗಿತ್ತು.

"ಹತ್ತು ತಿಂಗಳ ಅಂತರ," ಎಂದ ಅಲ್ತಾಫ್.

"ಇನ್ನೊಂದು ಮಾದರಿ ಹಾಕು."

"ಐದು ಹಾಕೇನ್ರಿ ಮೇಡಂ. ಐದೂ ಅದನ್ನ ಹೇಳತಾವ."

"ಆರನೇದು ಹಾಕು."

ಆರನೆಯದೂ ಅದನ್ನೇ ಹೇಳಿತು. ಅಲ್ತಾಫ್ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಮತ್ತೆ ಹಾಕುತ್ತ ಕೇಳಿದ: "ನಮ್ಮ ಲೆಕ್ಕದಾಗ ತಪ್ಪಿನ ಅಂತರ ಇಪ್ಪತ್ತು ದಿವಸ ಅಂತ ಬರೀತೇವಿ. ಈ ಊರಿನ ಕಲ್ಲು ಬ್ಯಾರೆ, ಮಣ್ಣು ಬ್ಯಾರೆ. ಒಂದು ವರ್ಷ ಅಂತ ಬರದರ ಯಾರ ಕೇಳತಾರ್ರಿ?"

ಇಂದುಮತಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅದೇ ವಿಚಾರ ಅವಳ ಮನಸ್ಸಿಗೂ ಬಂದು ಹೋಗಿತ್ತು. ಅವಳು ಕೈ ಚಾಚಿ ಮುಂದಿನ ಪುಟ ತೆರೆದಳು. ಅದು ಕೆಳಗಿನ ಬಾವಿಯದು. ಹಳೆಯ ಪಟ್ಟಿಗಳೆಲ್ಲ ಶುಭ್ರ. ಈ ಬೇಸಗೆಯ ಗೆರೆಯ ಮೇಲೆ, ಏಪ್ರಿಲ್ ತಿಂಗಳ ಜಾಗದಲ್ಲಿ, ಸಣ್ಣ ಕೆಂಪು ಚುಕ್ಕೆ ಇತ್ತು. ನಾಲ್ಕು ತಿಂಗಳಿಂದ ಇಪ್ಪತ್ಮೂರು ಮನೆಯವರು, ವಾಸನೆ ಇಲ್ಲದ ಕಾರಣ, ಆ ನೀರನ್ನು ಚೊಕ್ಕ ಎಂದು ಕುಡಿಯುತ್ತಿದ್ದರು.

"ಓಣಿ ಬಾವಿ ತಾರೀಖನ್ನ ನಾವು ಮಸುಕು ಮಾಡಿದರ, ಇದೂ ಮಸುಕಾಗತೈತಿ, ಅಲ್ತಾಫ್," ಎಂದಳು. "ಒಂದನ್ನ ನಂಬಬ್ಯಾಡ್ರಿ, ಇನ್ನೊಂದನ್ನ ನಂಬ್ರಿ ಅಂತ ಹೇಳಾಕ ಬರೂದಿಲ್ಲ."

*

ಮರುದಿನ ಮಧ್ಯಾಹ್ನ ಅವಳು ಒಬ್ಬಳೇ ಕಸ್ತೂರಿಯ ಮನೆಗೆ ಹೋದಳು. ಕಸ್ತೂರಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಶಿವಪುತ್ರ ಊಟಕ್ಕೆಂದು ಬಂದವನು ಗೋಡೆಗೆ ಒರಗಿ ಕುಳಿತಿದ್ದ. ಇಂದುಮತಿಯನ್ನು ನೋಡಿದ ಕೂಡಲೇ ಕಸ್ತೂರಿಯ ಕೈ ನಿಂತಿತು.

"ಹೇಳ್ರಿ. ನಾ ಗಟ್ಟಿ ಅದೇನಿ."

"ಓಣಿ ಬಾವಿಗೆ ಪೆಟ್ರೋಲ್ ಬಂದು ಮುಟ್ಟಿದ್ದು ಎರಡು ವರ್ಷದ ಹಿಂದ, ಮೇ ತಿಂಗಳಿನ್ಯಾಗ."

ಕಸ್ತೂರಿ ಹಿಟ್ಟು ಮೆತ್ತಿದ ಬೆರಳುಗಳ ಮೇಲೆ ಎಣಿಸಿದಳು. ಒಮ್ಮೆ ಮುಗಿಸಿ, ಮತ್ತೆ ಮೊದಲಿನಿಂದ ಎಣಿಸಿದಳು.

"ತೇಜು ಹೋಗಿದ್ದು ಅದರ ಹಿಂದಿನ ಆಷಾಢ."

"ಹೌದ್ರಿ."

"ಅಂದ್ರ, ಆಕಿ ಹೋದ ಮ್ಯಾಲೆ ಬಂತು."

"ಹತ್ತು ತಿಂಗಳಾದ ಮ್ಯಾಲೆ."

"ಮಷೀನು ತಪ್ಪು ಹೇಳಿರಬೇಕು. ಇನ್ನೊಮ್ಮೆ ನೋಡ್ರಿ."

"ಆರು ಸಲ ನೋಡೇವ್ರಿ."

ಹಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆ ಏಳುತ್ತಿತ್ತು. ಯಾರೂ ತೆಗೆಯಲಿಲ್ಲ.

"ಮತ್ತ ಯಾತರಿಂದ ಹೋತ್ರಿ ನನ್ನ ಕೂಸು?"

"ನಂಗ ಗೊತ್ತಿಲ್ಲ, ಕಸ್ತೂರಿಯವರ. ಈ ಜಡ್ಡು ಬಂದ ಮಕ್ಕಳೊಳಗ ಭಾಳ ಮಂದಿಗೆ ಅದು ಯಾಕ ಬಂತು ಅನ್ನೋದು ಡಾಕ್ಟರಿಗೂ ತಿಳಿಯೂದಿಲ್ಲ."

"ಇವರ ಅಂಗಿಯಾಗ ವಾಸನಿ ಇರತಿತ್ತು. ಆಕಿ ದಿನಾ ಇವರ ಎದಿ ಮ್ಯಾಲೆ ಮಲಗಾಕಿ. ಅದರಿಂದೇನರೆ?"

ಶಿವಪುತ್ರ ತಲೆ ಎತ್ತಲಿಲ್ಲ. ಇಂದುಮತಿ ಹೇಳಿದಳು: "ಅದನ್ನ ಹೌದು ಅನ್ನಾಕೂ ನನ್ನ ಹತ್ರ ಆಧಾರ ಇಲ್ಲ, ಅಲ್ಲ ಅನ್ನಾಕೂ ಇಲ್ಲ. ಬಂಕ್‌ನ್ಯಾಗ ದುಡಿಯೋ ಸಾವಿರಾರು ಮಂದಿ ಮಕ್ಕಳು ಆರಾಮ ಅದಾರ. ನೀರಂತೂ ಅಲ್ಲ. ಅಷ್ಟ ನಾ ಹೇಳಬಲ್ಲೆ."

ಕಸ್ತೂರಿ ಸುಟ್ಟ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. ಆಗ ಗೋಡೆಯ ಕಡೆಯಿಂದ ಶಿವಪುತ್ರನ ದನಿ ಕೇಳಿಸಿತು.

"ಕಸ್ತೂರಿ, ನಂಗ ಗೊತ್ತಿತ್ತು."

ಅವಳು ತಿರುಗಿ ನೋಡಿದಳು.

"ಟ್ಯಾಂಕ್ ಸೋರತೈತಿ ಅಂತ ಗೊತ್ತಿತ್ತು. ದಿನಾ ಮುಂಜಾನೆ ಟ್ಯಾಂಕಿನಾಗ ಅಳತಿ ಕೋಲು ಬಿಟ್ಟು ನೋಡಾಂವ ನಾನ. ಹಿಂದಿನ ದಿವಸ ಬಂಕ್ ಮುಚ್ಚುವಾಗ ಇದ್ದ ಮಟ್ಟ ಮುಂಜಾನೆ ಇರತಿರಲಿಲ್ಲ. ಒಂದು ಮಿಲಿಮೀಟರ್, ಎರಡು ಮಿಲಿಮೀಟರ್. ಮ್ಯಾನೇಜರಿಗೆ ಹೇಳಿದೆ. ಕಾವಿಗೆ ಆರತೈತಿ, ಹೊಂದಿಸಿ ಬರಿ ಅಂದ. ಮತ್ತೊಮ್ಮೆ ಹೇಳಿದೆ. ಕೆಲಸಾ ಬೇಕೋ ಬ್ಯಾಡೋ ಅಂದ. ಅಷ್ಟೊತ್ತಿಗೆ ತೇಜುಗ ಜಡ್ಡು ಅಂತ ಗೊತ್ತಾಗಿತ್ತು. ಸುಮ್ಮನಾದೆ."

"ಯಾವಾಗಿಂದ?"

"ಐದು ವರ್ಷಾತು."

"ನನ್ನ ಸಂಗಾಟ ಎಲ್ಲಾ ಕಚೇರಿಗೂ ಬಂದ್ರಿ."

"ಬಂದೆ."

"ಅರ್ಜಿ ಬರದವರೂ ನೀವ."

"ಹೌದು. ಒಂದೊಂದು ಅರ್ಜಿ ಬರೆಯುವಾಗಲೂ, ಇದನ್ನ ನಾನ ಮಾಡೇನಿ, ನನ್ನ ಮಗಳನ್ನ ನಾನ ಕೊಂದೇನಿ ಅಂತ ತಿಳಕೊಂಡ ಬರದೆ." ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಈಗ ಅಲ್ಲ ಅಂತಾರ. ಆದರೂ ಹಗುರ ಆಗವಲ್ಲದು."

ಕಸ್ತೂರಿ ಒಲೆಯ ಕಟ್ಟಿಗೆ ಹಿಂದೆ ಎಳೆದಳು. ಇಂದುಮತಿ ಹೇಳಬೇಕಾದದ್ದು ಇನ್ನೂ ಒಂದು ಉಳಿದಿತ್ತು. ಈ ಹೊತ್ತಿನಲ್ಲಿ ಹೇಳುವುದು ಕ್ರೂರ ಎನಿಸಿದರೂ ಹೇಳದೆ ಎದ್ದು ಹೋಗುವಂತಿರಲಿಲ್ಲ.

"ಕೆಳಗಿನ ಬಾವಿಗೂ ಮುಟ್ಟೈತಿ. ನಾಲ್ಕು ತಿಂಗಳಾತು. ವಾಸನಿ ಬರೂದಿಲ್ಲ, ಆದರ ಐತಿ. ಇವತ್ತಿಂದ ಅದನ್ನ ಕುಡೀಬ್ಯಾಡ್ರಿ."

ಕಸ್ತೂರಿ ತನ್ನ ಮುಂದಿದ್ದ ಪರಾತದೊಳಗಿನ ಹಿಟ್ಟನ್ನು ನೋಡಿದಳು. ಆ ನೀರಲ್ಲೇ ಕಲಸಿದ್ದು. ಎದ್ದು ಅಷ್ಟನ್ನೂ ಹಿತ್ತಲ ತಿಪ್ಪೆಗೆ ಸುರಿದು ಬಂದಳು. ಬಡಿದಿಟ್ಟಿದ್ದ ರೊಟ್ಟಿಗಳನ್ನೂ ಅಲ್ಲಿಗೇ ಒಯ್ದು ಹಾಕಿದಳು. ಆಮೇಲೆ ಬಾಗಿಲಲ್ಲಿ ನಿಂತು, "ಗಾಣಿಗೇರ ಮನ್ಯಾಗ ಸಣ್ಣ ಕೂಸು ಐತಿ, ಆರು ತಿಂಗಳದ್ದು," ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ.

*

ರವಿವಾರ ಬೆಳಿಗ್ಗೆ ಕನ್ನಡ ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ಜಿಲ್ಲೆಯಿಂದ ಬಂದ ಅಧಿಕಾರಿ ವರದಿಯ ಮುಖ್ಯ ಭಾಗ ಓದಿ, ಕೆಳಗಿನ ಬಾವಿಯನ್ನು ಮುಚ್ಚಬೇಕಾಗುತ್ತದೆ, ಟ್ಯಾಂಕರಿನಲ್ಲಿ ನೀರು ಬರುತ್ತದೆ ಎಂದರು. ಜನ ಒಪ್ಪಲಿಲ್ಲ. ಓಣಿಯ ಹಿರಿಯ ಮಲ್ಲಿಕಾರ್ಜುನ ಗಾಣಿಗೇರ ಎದ್ದು ನಿಂತ.

"ಸಾಹೇಬ್ರ, ನಳ ಬರೋದು ಹನ್ನೆರಡು ದಿನಕ್ಕೊಮ್ಮೆ. ಟ್ಯಾಂಕರ್ ಮೊದಲ ವಾರ ಬರತೈತಿ, ಆಮ್ಯಾಲೆ ಬರೂದಿಲ್ಲ. ಒಂದು ಬಾವಿ ಹೋತು, ಇದೂ ಹೋದರ ಏನ್ ಕುಡಿಯೂನು? ಕೆಳಗಿನ ಬಾವಿ ನೀರು ಕುಡದು ಯಾರಿಗೂ ಏನೂ ಆಗಿಲ್ಲ."

ಬಂಕಿನ ಮಾಲೀಕನ ವಕೀಲ ಇದಕ್ಕೇ ಕಾಯುತ್ತಿದ್ದ. ವರದಿಯ ಪ್ರತಿಯನ್ನು ಎತ್ತಿ ಹಿಡಿದು ಸಮಾಧಾನದ ದನಿಯಲ್ಲಿ ಹೇಳಿದ: "ಇದನ್ನು ನಾನು ಹೇಳುತ್ತಿಲ್ಲ, ವಿಜ್ಞಾನಿಗಳ ವರದಿಯೇ ಹೇಳುತ್ತದೆ. ಬೇವಿನಮರದ ಅವರ ಮಗು ತೀರಿಕೊಂಡಾಗ ಬಾವಿಯಲ್ಲಿ ಪೆಟ್ರೋಲೇ ಇರಲಿಲ್ಲ. ಎರಡು ವರ್ಷ ಈ ಓಣಿಯವರನ್ನು ಹೆದರಿಸಿದ್ದು ಇಲ್ಲದ ಒಂದು ಸಂಗತಿಯಿಂದ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಹಿಂದೆ ಕುಳಿತ ಯಾರೋ, "ಹಂಗಾರ ನೀರಿಗೆ ಏನೂ ಆಗಿಲ್ಲ ಬಿಡ್ರಿ" ಎಂದರು. ಇಂದುಮತಿ ಎದ್ದು ಬೆಂಜೀನಿನ ಪ್ರಮಾಣ ವಿವರಿಸಲು ನೋಡಿದಳು. ಅವಳ ಅಂಕಿಗಳು ಗದ್ದಲದಲ್ಲಿ ಕಳೆದುಹೋದವು.

ಕಸ್ತೂರಿ ಗೋಡೆಯ ಬದಿಯಲ್ಲಿ ಕುಳಿತಿದ್ದಳು. ಎದ್ದು ನಿಂತಾಗ ಅವಳ ಮೇಲಿನ ಮರ್ಯಾದೆಗೋ ಕುತೂಹಲಕ್ಕೋ ಜನ ಸುಮ್ಮನಾದರು. ಅವಳು ಏನು ಹೇಳಬಹುದೆಂದು ಇಂದುಮತಿ ಊಹಿಸಿದಳು. ವರದಿ ಸುಳ್ಳು, ನನ್ನ ಮಗಳು ನೀರಿನಿಂದಲೇ ಸತ್ತಳು ಎಂದು ಅವಳೊಂದು ಮಾತು ಅಂದರೆ ಓಣಿ ಅವಳನ್ನೇ ನಂಬುತ್ತದೆ. ಬಾವಿಯೂ ಮುಚ್ಚುತ್ತದೆ.

"ವಕೀಲರು ಹೇಳಿದ್ದು ಖರೆ," ಎಂದಳು ಕಸ್ತೂರಿ. "ನನ್ನ ತೇಜು ಈ ನೀರಿಂದ ಸತ್ತಿಲ್ಲ. ನಿಮ್ಮ ಮನಿ ಮನಿಗೆ ಬಂದು ಹೇಳಿದ್ದೆನಲ್ಲ, ಅದು ತಪ್ಪಾತು. ನಂಗ ಹಂಗ ಅನಿಸಿತ್ತು, ಹೇಳಿದೆ."

ಅವಳು ಸೆರಗನ್ನು ಎಳೆದುಕೊಂಡಳು.

"ಆಕಿ ಯಾತರಿಂದ ಸತ್ತಳು ಅನ್ನೋದು ನಂಗ ಗೊತ್ತಿಲ್ಲ. ಇನ್ನ ಗೊತ್ತಾಗೂದೂ ಇಲ್ಲಂತ. ಯಾರರೆ ಒಬ್ಬರು ಮೊದಲ ಬಂದು, ಕಸ್ತೂರಿ, ಇದರಾಗ ವಿಷ ಐತಿ, ಇದನ್ನ ಕೂಸಿಗೆ ಕೊಡಬ್ಯಾಡ ಅಂದಿದ್ದರ ನಾ ಅವರ ಕಾಲು ಹಿಡೀತಿದ್ದೆ. ಅದು ನೀರಾಗಿರಲಿ, ಗಾಳಿಯಾಗಿರಲಿ, ನನ್ನ ಕೈ ಅಡಗಿಯಾಗಿರಲಿ. ನಂಗ ಯಾರೂ ಹೇಳಲಿಲ್ಲ. ನಿಮಗ ಹೇಳಾಕತ್ತಾರ."

ಅವಳು ಕುಳಿತಳು. ಗಾಣಿಗೇರರ ಸೊಸೆ ತೊಡೆಯ ಮೇಲಿನ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಮಾವನ ಮುಖ ನೋಡದೆ ಹೊರಗೆ ನಡೆದಳು. ಮನೆಗೆ ಹೋಗಿ ಹಂಡೆ, ಕೊಡಗಳನ್ನೆಲ್ಲ ಬೀದಿಗೆ ಬಗ್ಗಿಸಿದ ಸದ್ದು ಶಾಲೆಯವರೆಗೂ ಕೇಳಿಸಿತು. ಇನ್ನು ಕೆಲವು ಹೆಂಗಸರು ಅವಳ ಹಿಂದೆ ಎದ್ದರು.

ಶಿವಪುತ್ರ ಅಧಿಕಾರಿಯ ಮೇಜಿನ ಹತ್ತಿರ ಹೋಗಿ, "ನಂದೊಂದು ಹೇಳಿಕೆ ಐತ್ರಿ, ಬರಕೊಳ್ರಿ," ಎಂದ. ಅಳತೆ ಕೋಲಿನ ವಿಷಯ, ಮ್ಯಾನೇಜರನ ಮಾತು, ತಾನು ಹೊಂದಿಸಿ ಬರೆದ ಅಂಕಿ, ಎಲ್ಲವನ್ನೂ ಹೇಳಿದ. ಅದರಿಂದ ಅವನ ಮೇಲೂ ಪ್ರಕರಣ ಆಗುತ್ತದೆ ಎಂದು ಅಧಿಕಾರಿ ಎಚ್ಚರಿಸಿದರು. "ಆಗಲ್ರಿ" ಎಂದ.

*

ಬಾವಿಯ ಮೇಲೆ ಕಬ್ಬಿಣದ ಜಾಲರಿ ಬಂತು. ಮಲ್ಲಿಕಾರ್ಜುನ ಹೇಳಿದಂತೆಯೇ ಟ್ಯಾಂಕರ್ ಒಂದು ವಾರ ಬಂದು, ಆಮೇಲೆ ಬರುವುದು ನಿಂತಿತು. ಹೆಂಗಸರು ಖಾಲಿ ಕೊಡಗಳೊಂದಿಗೆ ತಹಸೀಲ್ದಾರ ಕಚೇರಿಯ ಮುಂದೆ ಕುಳಿತ ಮೇಲೆ ಮತ್ತೆ ಶುರುವಾಯಿತು. ಐದಾರು ಮನೆಯವರು ಜಾಲರಿಯ ಸಂದಿಯಿಂದ ಹಗ್ಗ ಬಿಟ್ಟು ಹಳೆಯ ನೀರನ್ನೇ ಸೇದಿದರು. ಕಸ್ತೂರಿ ಅವರ ಬಾಗಿಲಿಗೆ ದಿನಾ ಹೋಗಿ ನಿಂತಳು. ಇಬ್ಬರು ಬಿಟ್ಟರು, ಉಳಿದವರು ಅವಳನ್ನು ಬೈದರು.

ಮಾಲೀಕ ಮತ್ತು ಮ್ಯಾನೇಜರನ ಮೇಲೆ ಶಿವಪುತ್ರನ ಹೇಳಿಕೆಯ ಆಧಾರದಲ್ಲಿ ಪ್ರಕರಣ ದಾಖಲಾಯಿತು. ಮೂರನೆಯ ಹೆಸರು ಅವನದೇ. ಮನೆಯಲ್ಲಿ ಕಸ್ತೂರಿ ಅವನ ಮುಂದೆ ತಾಟು ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ದಸರೆಯ ನಂತರ ಒಂದು ದಿನ ಅವನಿಗೆ ಜ್ವರ ಬಂದಾಗ, "ಗುಳಿಗಿ ತಗೊಂಡ್ರೇನು?" ಎಂದು ಕೇಳಿದಳು. ಅಲ್ಲಿಂದ ಒಂದೊಂದೇ ಮಾತು.

ಕಾರ್ತೀಕದಲ್ಲಿ ಟ್ಯಾಂಕನ್ನು ಅಗೆದು ತೆಗೆಯುವ ದಿನ ಇಂದುಮತಿ ಮತ್ತೆ ಬಂದಳು. ಬಿಸಿಲು ಏರುವ ಹೊತ್ತಿಗೆ ಕಾಂಕ್ರೀಟು ಒಡೆದು, ಮಣ್ಣು ಸರಿಸಿ, ಕ್ರೇನಿನ ಸರಪಳಿ ಹಾಕಿದರು. ಟ್ಯಾಂಕು ನರಳುತ್ತ ಮೇಲೆದ್ದಿತು. ಮೈತುಂಬ ತುಕ್ಕು, ಹತ್ತಿದ ಎರೆಮಣ್ಣು. ಅದನ್ನು ಮರಳಿನ ಮೇಲೆ ಮಲಗಿಸಿದಾಗ ಹಗ್ಗದ ಆಚೆ ನಿಂತ ಜನರೊಳಗಿಂದ ಕಸ್ತೂರಿ ಮುಂದೆ ಬಂದಳು. ಕೆಲಸಗಾರರು ತಡೆದರು. ಇಂದುಮತಿ ಬಿಡಿ ಎಂದಳು.

"ತೂತು ಎಲ್ಲೈತ್ರಿ?"

ಇಂದುಮತಿ ಉತ್ತರದ ಕಡೆಯ ತಳವನ್ನು ಬಟ್ಟೆಯಿಂದ ಒರೆಸಿ ತೋರಿಸಿದಳು. ತುಕ್ಕಿನ ಹೊಪ್ಪಳೆಗಳ ನಡುವೆ ಸೂಜಿ ತೂರುವಷ್ಟು ಸಣ್ಣ ತೂತು. ಕಸ್ತೂರಿ ಬಗ್ಗಿ ನೋಡಿದಳು. ಬೆರಳಿಟ್ಟು ಮುಚ್ಚಿದಳು, ಬೆರಳು ತೆಗೆದಳು. ಬಹಳ ಹೊತ್ತು ನೋಡಿದ ಮೇಲೆ ಅಲ್ಲೇ, ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ಕುಳಿತಳು. ಇಂದುಮತಿ ಪಕ್ಕದಲ್ಲಿ ಕುಳಿತಳು.

"ಎರಡು ವರ್ಷ ದಿನಾ ಎದ್ದ ಕೂಡಲೆ ಇದಕ್ಕ ಶಾಪಾ ಹಾಕೇನ್ರಿ ಮೇಡಮ್ಮಾರ. ಮಂದಿ ಕಣ್ಣೀರು ಹಾಕಿದರೂ ನಾ ಹಾಕಲಿಲ್ಲ. ಸಿಟ್ಟಿನಾಗ ದಿವಸ ಹೋದದ್ದ ಗೊತ್ತಾಗಲಿಲ್ಲ."

ಕ್ರೇನಿನ ಸದ್ದು ನಿಂತಿತ್ತು. ಕೆಲಸಗಾರರು ಸರಪಳಿ ಬಿಚ್ಚುತ್ತಿದ್ದರು.

"ಇಷ್ಟು ದಿವಸ ಜಗಳ ಇತ್ತು," ಎಂದಳು ಕಸ್ತೂರಿ. "ಇವತ್ತ ಬರೇ ಮಗಳು ಸತ್ತಾಳ್ರಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಹಗ್ಗದ ಆಚೆಯಿಂದ ಶಿವಪುತ್ರ ಬಂದ. ಹತ್ತಿರ ಬಂದು ನಿಂತ, ಮುಟ್ಟುವ ಧೈರ್ಯವಾಗಲಿಲ್ಲ. ಅವಳು ತಲೆ ಎತ್ತದೆ, ಕೈಯಿಂದ ಮಣ್ಣು ಸರಿಸಿ ಅವನಿಗೆ ಕುಳಿತುಕೊಳ್ಳಲು ಜಾಗ ಮಾಡಿದಳು.